ಎಣ್ಮಕಜೆಯ ಮಾತು ಜಿನೀವಾದಲ್ಲಿ ಆಡುವವರು ಯಾರು?

ಕ್ಯಾಥೋಲಿಕ್ ವಿಶ್ವವಿದ್ಯಾಲಯಗಳಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಸ್ನಾತಕೋತ್ತರ ಓದಿನ ಬಗ್ಗೆ, ಕಾಸರಗೋಡಿನಲ್ಲಿ ಪದವಿಯ ಕೊನೆಯ ವರ್ಷದ ಮಕ್ಕಳು ಮತ್ತು ಅವರ ಹೆತ್ತವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

2011ರ ಏಪ್ರಿಲ್ ಕೊನೆಯ ವಾರ. ಸ್ವಿಟ್ಜರ್‌ಲ್ಯಾಂಡಿನ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳೆಲ್ಲ ಸಭೆ ಸೇರಿದ್ದವು. ಮಣ್ಣಲ್ಲಿ, ನೀರಲ್ಲಿ, ಮನುಷ್ಯರ ಮೈಯಲ್ಲಿ ವರ್ಷಗಟ್ಟಲೆ ಉಳಿಯುವ ವಿಷಗಳನ್ನು ಜಗತ್ತಿನಿಂದಲೇ ತೆಗೆಯಬೇಕು ಅನ್ನುವ ಒಪ್ಪಂದ ಅದು. 2001ರಲ್ಲಿ ಆಯಿತು, ಭಾರತ 2006ರಲ್ಲಿ ಸೇರಿತು. ಆ ವಾರ ಅಲ್ಲಿ ಚರ್ಚೆಗೆ ಬಂದ ಒಂದು ಕೀಟನಾಶಕದ ಹೆಸರನ್ನು ಇಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಡೋಸಲ್ಫಾನ್.

ನಮ್ಮ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟದ್ದು ಎರಡು ದಶಕಗಳಿಗೂ ಹೆಚ್ಚು ಕಾಲ. ಎಣ್ಮಕಜೆ, ಪಡ್ರೆ, ಸ್ವರ್ಗ, ವಾಣಿನಗರ. ಆ ವಿಷದಿಂದ ಜನರ ಬದುಕು ಕೆಟ್ಟ ಈ ಊರುಗಳು ನಮಗೆ ಬಸ್ಸಿನ ಬೋರ್ಡಿನಲ್ಲಿ ಕಾಣುವ ಹೆಸರುಗಳು. ಜಿನೀವಾದ ಸಭೆಯಲ್ಲಿ ಅದೇ ವಿಷಯ ಕಾಗದದ ಮೇಲೆ ಬೇರೆಯೇ ರೂಪದಲ್ಲಿತ್ತು. ಯಾವ ಪಟ್ಟಿಗೆ ಸೇರಿಸಬೇಕು, ಯಾವ ಬೆಳೆಗೆ, ಯಾವ ಕೀಟಕ್ಕೆ ವಿನಾಯಿತಿ ಕೊಡಬೇಕು, ಆ ವಿನಾಯಿತಿ ಎಷ್ಟು ವರ್ಷ ನಡೆಯಬೇಕು. ಭಾರತದ ಪ್ರತಿನಿಧಿಗಳು ಮೊದಲು ನಿಷೇಧವನ್ನು ಒಪ್ಪಲಿಲ್ಲ. ಆ ಸಭೆ ಶುರುವಾದ ದಿನವೇ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಕೊನೆಗೆ ಕೆಲವು ಬೆಳೆಗಳ ವಿನಾಯಿತಿ ಇಟ್ಟುಕೊಂಡು ಭಾರತವೂ ಒಪ್ಪಿತು. ಜಗತ್ತಿನ ಮಟ್ಟದಲ್ಲಿ ಎಂಡೋಸಲ್ಫಾನ್ ನಿಷೇಧದ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟೂ ದೇಶದೊಳಗೆ ತಡೆ ಹಾಕಿತು.

ನೋಡಿ, ನಮ್ಮ ಪಂಚಾಯತಿನ ಮಕ್ಕಳ ಬದುಕಿಗೆ ಸಂಬಂಧಿಸಿದ ಒಂದು ವಾಕ್ಯ ಜಿನೀವಾದ ಒಂದು ಕೋಣೆಯಲ್ಲಿ ಬರೆಯಲ್ಪಟ್ಟಿತು. ಆ ಕೋಣೆಯಲ್ಲಿ ಮಾತು ಹೇಗೆ ನಡೆಯುತ್ತದೆ, ಕರಡು ಯಾರು ಬರೆಯುತ್ತಾರೆ, ಸಣ್ಣ ದೇಶಗಳು ಹೇಗೆ ಒಟ್ಟಾಗುತ್ತವೆ, ಕಂಪೆನಿಗಳ ಜನ ಎಲ್ಲಿ ಕೂರುತ್ತಾರೆ, ಇದೆಲ್ಲ ಗೊತ್ತಿರುವ ನಮ್ಮೂರಿನವರು ಎಷ್ಟು ಜನ ಇದ್ದಾರೆ? ಅಂತರರಾಷ್ಟ್ರೀಯ ಸಂಬಂಧಗಳು ಅನ್ನುವ ಸ್ನಾತಕೋತ್ತರ ಓದು ಕಲಿಸುವುದು ಇದನ್ನೇ. ಪೇಪರಿನಲ್ಲಿ ಬರುವ ಯುದ್ಧ, ಶೃಂಗಸಭೆ, ಕೈಕುಲುಕುವ ಫೋಟೋ ಅದರ ಹೊರಮೈ ಅಷ್ಟೆ.

ನಾನು ಇದನ್ನು ಓದಿದ್ದು ಅಮೆರಿಕದ ಒಂದು ಕ್ಯಾಥೋಲಿಕ್ ವಿಶ್ವವಿದ್ಯಾಲಯದಲ್ಲಿ. ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಅದರ ಜಾಹೀರಾತು ಆಗಿಬಿಡುತ್ತದೆ. ಆದರೆ ಯಾಕೆ ಕ್ಯಾಥೋಲಿಕ್ ವಿಶ್ವವಿದ್ಯಾಲಯಗಳ ಬಗ್ಗೆಯೇ ಇವತ್ತು ಮಾತಾಡುತ್ತಿದ್ದೇನೆ ಅನ್ನುವುದನ್ನು ಹೇಳಲೇಬೇಕು.

ಈ ಓದಿನ ಬೇರುಗಳಲ್ಲಿ ಒಂದು ಅಲ್ಲಿದೆ. 1539ರಲ್ಲಿ ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ಕೊ ದೆ ವಿತೋರಿಯಾ ಅನ್ನುವ ಡೊಮಿನಿಕನ್ ಪಾದ್ರಿ ಕೆಲವು ಉಪನ್ಯಾಸ ಕೊಟ್ಟರು. ಸ್ಪೇನಿನವರು ಅಮೆರಿಕದಲ್ಲಿ ಕಂಡ ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲೆ ಹಕ್ಕಿದೆಯೋ ಇಲ್ಲವೋ ಅನ್ನುವುದು ಪ್ರಶ್ನೆ. ಇದೆ ಅಂದರು ವಿತೋರಿಯಾ. ಅವರು ಕ್ರೈಸ್ತರಲ್ಲ ಅನ್ನುವ ಕಾರಣಕ್ಕೆ ಅವರ ನೆಲ ಕಿತ್ತುಕೊಳ್ಳುವಂತಿಲ್ಲ ಅಂದರು. ತಮ್ಮದೇ ರಾಜನ ಸೈನ್ಯ ಆಗಲೇ ಆ ನೆಲದಲ್ಲಿತ್ತು. ಅವರ ಎಲ್ಲ ವಾದವೂ ಇವತ್ತು ನಮಗೆ ಒಪ್ಪಿಗೆಯಾಗುವುದಿಲ್ಲ. ವ್ಯಾಪಾರಕ್ಕೆ, ಮತಪ್ರಚಾರಕ್ಕೆ ಅಡ್ಡಿ ಮಾಡಿದರೆ ಯುದ್ಧ ಮಾಡಬಹುದು ಅನ್ನುವ ಬಾಗಿಲನ್ನೂ ಅವರೇ ತೆರೆದಿಟ್ಟರು. ಆದರೂ ಅಂತರರಾಷ್ಟ್ರೀಯ ಕಾನೂನಿನ ಪಾಠ ಇವತ್ತಿಗೂ ಹೆಚ್ಚಿನ ಕಡೆ ಅವರಿಂದ ಶುರುವಾಗುತ್ತದೆ.

ಇನ್ನೊಂದು ಬೇರು ವಾಷಿಂಗ್ಟನ್ನಿನಲ್ಲಿದೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯ 1789ರದ್ದು. ಅಲ್ಲಿ ಜೆಸ್ವಿತರು ಅನ್ನುವ ಕ್ಯಾಥೋಲಿಕ್ ಸಂನ್ಯಾಸಿ ಸಂಘದ ಪಾದ್ರಿ ಎಡ್ಮಂಡ್ ವಾಲ್ಶ್ 1919ರಲ್ಲಿ ವಿದೇಶಾಂಗ ಸೇವೆಯ ಶಾಲೆ ತೆರೆದರು. ಮೊದಲನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಅಮೆರಿಕ ಸರ್ಕಾರ ಈಗಿನ ರೂಪದ ವಿದೇಶಾಂಗ ಸೇವೆ ಕಟ್ಟಿದ್ದು 1924ರಲ್ಲಿ. ಅಂದರೆ ಸರ್ಕಾರಕ್ಕಿಂತ ಐದು ವರ್ಷ ಮೊದಲೇ ಶಾಲೆ ಬಂತು. ವಾಲ್ಶ್ ಬರೀ ಪಾಠ ಮಾಡಿ ಕೂರಲಿಲ್ಲ. 1922ರಲ್ಲಿ ರಷ್ಯಾದ ಬರಗಾಲದಲ್ಲಿ ಪೋಪರ ಪರಿಹಾರ ತಂಡವನ್ನು ನಡೆಸಲು ಹೋದರು. ಓದನ್ನೂ ಹಸಿದವರನ್ನೂ ಒಟ್ಟಿಗೆ ಇಟ್ಟು ನೋಡುವ ಈ ಅಭ್ಯಾಸ ನನಗೆ ಬಹಳ ಮುಖ್ಯ ಅನಿಸುತ್ತದೆ.

ವ್ಯಾಟಿಕನ್ನಿಗೆ ಹೆಸರಿಗಷ್ಟೇ ಸೈನ್ಯ. ಆದರೆ ರಾಜತಾಂತ್ರಿಕರನ್ನು ತಯಾರು ಮಾಡುವ ಅದರ ಅಕಾಡೆಮಿ ರೋಮಿನಲ್ಲಿ 1701ರಿಂದ ಇದೆ. 1978ರಲ್ಲಿ ಚಿಲಿ ಮತ್ತು ಅರ್ಜೆಂಟೀನಾ ದಕ್ಷಿಣ ಅಮೆರಿಕದ ತುದಿಯ ಕೆಲವು ಪುಟ್ಟ ದ್ವೀಪಗಳಿಗಾಗಿ ಯುದ್ಧದ ಅಂಚಿಗೆ ಬಂದಿದ್ದವು. ಎರಡೂ ಕ್ಯಾಥೋಲಿಕ್ ದೇಶಗಳು. ಪೋಪ್ ಎರಡನೇ ಜಾನ್ ಪಾಲ್ ಅವರು ಕಾರ್ಡಿನಲ್ ಆಂತೋನಿಯೊ ಸಮೊರೆ ಅವರನ್ನು ಕಳಿಸಿದರು. ವರ್ಷಗಟ್ಟಲೆ ಮಾತುಕತೆ. ಸಮೊರೆ ಮಧ್ಯದಲ್ಲೇ, 1983ರಲ್ಲಿ ತೀರಿಕೊಂಡರು. ಒಪ್ಪಂದಕ್ಕೆ ಸಹಿ ಬಿದ್ದದ್ದು 1984ರಲ್ಲಿ. ಮೊಜಾಂಬಿಕ್‌ನ ಅಂತರ್ಯುದ್ಧ 1992ರಲ್ಲಿ ಮುಗಿದದ್ದೂ ರೋಮಿನ ಸಾಂತ್ ಎಜಿದಿಯೊ ಅನ್ನುವ ಜನಸಾಮಾನ್ಯರ ಕ್ಯಾಥೋಲಿಕ್ ಬಳಗದ ಮಧ್ಯಸ್ಥಿಕೆಯಿಂದ. ತರಗತಿಯಲ್ಲಿ ಇಂಥ ಪ್ರಸಂಗಗಳನ್ನು ದಿನಾಂಕ ದಿನಾಂಕವಾಗಿ ಬಿಡಿಸಿ ನೋಡುತ್ತಾರೆ. ಯಾರು ಯಾರಿಗೆ ಮೊದಲು ಫೋನ್ ಮಾಡಿದರು, ಮಾತು ಎಲ್ಲಿ ಮುರಿಯಿತು, ಮತ್ತೆ ಹೇಗೆ ಕೂಡಿತು ಅಂತ.

ಈಗ ಹೆತ್ತವರ ಮುಖದಲ್ಲಿ ಕಾಣುವ ಪ್ರಶ್ನೆಗೆ ಬರುತ್ತೇನೆ. "ಅಲ್ಲಿ ಹೋದರೆ ಮತಾಂತರ ಮಾಡ್ತಾರಾ ಟೀಚರ್?" ಇಲ್ಲ. ಎಲ್ಲ ಧರ್ಮದ, ಯಾವ ಧರ್ಮವೂ ಇಲ್ಲದ ವಿದ್ಯಾರ್ಥಿಗಳೂ ಅಲ್ಲಿ ಓದುತ್ತಾರೆ. ಜಾರ್ಜ್‌ಟೌನ್ 1999ರಲ್ಲೇ ಪೂರ್ಣಾವಧಿಗೆ ಒಬ್ಬ ಇಮಾಮರನ್ನು ನೇಮಿಸಿಕೊಂಡಿತು. ಆಮೇಲೆ ಹಿಂದೂ ಪುರೋಹಿತರನ್ನೂ ನೇಮಿಸಿತು. ನಮಗಂತೂ ಇದು ಹೊಸತಲ್ಲ. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ 1880ರಿಂದ ಎಲ್ಲ ಜಾತಿಯ ಮಕ್ಕಳು ಓದಿ ಬಂದಿದ್ದಾರೆ. ನಮ್ಮ ಅಜ್ಜಂದಿರೂ ಓದಿದ್ದಾರೆ. ಬೇಳದ ಇಗರ್ಜಿಯ ಹಬ್ಬಕ್ಕೆ ಯಾರೆಲ್ಲ ಹೋಗುತ್ತಾರೆ ನಿಮಗೇ ಗೊತ್ತು. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ಖಂಡಕಾವ್ಯ ಬರೆದರು, ಬುದ್ಧನ ಕೊನೆಯ ದಿನದ ಮೇಲೂ ಬರೆದರು. ಅಷ್ಟು ವಿಶಾಲವಾದ ಮನಸ್ಸು ಈ ಮಣ್ಣಿನಲ್ಲೇ ಇತ್ತು.

ಹಾಗಂತ ಆ ವಿಶ್ವವಿದ್ಯಾಲಯಗಳು ತಪ್ಪು ಮಾಡದ ಸಂಸ್ಥೆಗಳು ಅಂತ ನಾನು ಹೇಳುವುದಿಲ್ಲ. 1838ರಲ್ಲಿ ಮೇರಿಲ್ಯಾಂಡಿನ ಜೆಸ್ವಿತರು 272 ಗುಲಾಮರನ್ನು ಮಾರಿದರು. ಗಂಡಸರು, ಹೆಂಗಸರು, ಮಕ್ಕಳು. ಆ ದುಡ್ಡಿನ ಒಂದು ಪಾಲು ಜಾರ್ಜ್‌ಟೌನಿನ ಸಾಲ ತೀರಿಸಲು ಹೋಯಿತು. 2017ರಲ್ಲಿ ವಿಶ್ವವಿದ್ಯಾಲಯವೂ ಜೆಸ್ವಿತರೂ ಆ ಜನರ ವಂಶಸ್ಥರ ಮುಂದೆ ನಿಂತು ಕ್ಷಮೆ ಕೇಳಿದರು. ಕ್ಷಮೆ ಸಾಕೇ, ಪರಿಹಾರ ಯಾರಿಗೆ, ಎಷ್ಟು ಅನ್ನುವ ಜಗಳ ಅಲ್ಲಿ ಜೋರಾಗಿಯೇ ನಡೆಯಿತು. ತನ್ನ ಚರಿತ್ರೆಯನ್ನು ತರಗತಿಯ ಮೇಜಿನ ಮೇಲೆ ಇಡುವ ಧೈರ್ಯ ಇರುವ ಕಡೆ ಓದುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಎಲ್ಲಿ ಏನಿದೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಇಂಡಿಯಾನದ ನೋತರ್ ದಾಮ್ ವಿಶ್ವವಿದ್ಯಾಲಯದಲ್ಲಿ ಕ್ರಾಕ್ ಸಂಸ್ಥೆ ಇದೆ, 1986ರಲ್ಲಿ ಶುರುವಾದದ್ದು. ಮೆಕ್‌ಡೊನಾಲ್ಡ್ಸನ್ನು ಬೆಳೆಸಿದ ರೇ ಕ್ರಾಕ್ ಅವರ ಹೆಂಡತಿ ಜೋನ್ ಕ್ರಾಕ್, ಗಂಡ ತೀರಿಕೊಂಡ ಮೇಲೆ ಶಾಂತಿಯ ಅಧ್ಯಯನಕ್ಕೆ ಅಂತ ದುಡ್ಡು ಕೊಟ್ಟರು. ಅದೇ ವಿಶ್ವವಿದ್ಯಾಲಯದ ಕಿಯೊ ಶಾಲೆಯಲ್ಲಿ ಎರಡು ವರ್ಷದ ಜಾಗತಿಕ ವ್ಯವಹಾರಗಳ ಸ್ನಾತಕೋತ್ತರ ಪದವಿ ಇದೆ. ನ್ಯೂಜೆರ್ಸಿಯ ಸೀಟನ್ ಹಾಲ್‌ನಲ್ಲಿ 1997ರಿಂದ ರಾಜತಾಂತ್ರಿಕತೆಯ ಶಾಲೆ ಇದೆ, ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಹತ್ತಿರ. ನ್ಯೂಯಾರ್ಕಿನಲ್ಲೇ ಇರುವ ಫೋರ್ಡಮ್‌ನಲ್ಲಿ ಅರ್ಥಶಾಸ್ತ್ರವನ್ನೂ ರಾಜಕೀಯವನ್ನೂ ಜೊತೆಗೆ ಕಲಿಸುವ ಕೋರ್ಸು. ಲೆಕ್ಕ ಇಷ್ಟಪಡುವವರಿಗೆ ಅದು ಒಳ್ಳೆಯದು. ಟೋಕಿಯೊದ ಸೋಫಿಯಾ 1913ರದ್ದು, ಜೆಸ್ವಿತರದ್ದು. ಅಲ್ಲಿ ಇಂಗ್ಲಿಷಿನಲ್ಲೇ ಜಾಗತಿಕ ಅಧ್ಯಯನ ಓದಬಹುದು. ಇನ್ನು ಜಾರ್ಜ್‌ಟೌನ್ ದೋಹಾದಲ್ಲೂ ಇದೆ, 2005ರಿಂದ. ಇಲ್ಲಿರುವ ಎಷ್ಟು ಮನೆಗಳಿಗೆ ದೋಹಾ ಗೊತ್ತು ಅಂತ ನನಗೆ ಹೇಳಬೇಕಾಗಿಲ್ಲ. ಕೊಲ್ಲಿ ದೇಶಗಳ ವಲಸೆ ಕಾರ್ಮಿಕರ ಬಗ್ಗೆ ಆ ಕ್ಯಾಂಪಸ್ಸಿನಲ್ಲಿ ಗಂಭೀರವಾದ ಸಂಶೋಧನೆ ನಡೆದಿದೆ. ನಿಮ್ಮ ಅಪ್ಪ, ಮಾವ, ಅಣ್ಣ ಅಲ್ಲಿ ಯಾವ ವೀಸಾದಲ್ಲಿ, ಯಾರ ಹೊಣೆಯಲ್ಲಿ ಇದ್ದಾರೆ ಅನ್ನುವುದು ಈ ವಿಷಯದ ಪಠ್ಯವೇ. 1990ರಲ್ಲಿ ಕುವೈತಿನಿಂದ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಕರೆತಂದ ಕತೆಯನ್ನು ಮನೆಯಲ್ಲಿ ಕೇಳಿ ಬೆಳೆದವರು ನೀವು. ಅದರ ಹಿಂದೆ ಎಷ್ಟು ಸರ್ಕಾರಗಳ ಜೊತೆ ಮಾತಾಡಬೇಕಾಯಿತು ಅನ್ನುವುದನ್ನು ಕಲಿಯುವುದು ಬಾಕಿ ಇದೆ.

ಆದರೆ ಕಾಸರಗೋಡಿನವರಿಗೆ ನಾನು ವಿಶೇಷವಾಗಿ ಹೇಳಬೇಕಾದದ್ದು ಬೆಲ್ಜಿಯಂನ ಲೂವೆನ್ ಬಗ್ಗೆ.

ಲೂವೆನ್ ವಿಶ್ವವಿದ್ಯಾಲಯ ಶುರುವಾದದ್ದು 1425ರಲ್ಲಿ. 1914ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ಅದರ ಗ್ರಂಥಾಲಯ ಸುಟ್ಟಿತು. ಲಕ್ಷಗಟ್ಟಲೆ ಪುಸ್ತಕ, ಹಸ್ತಪ್ರತಿ ಬೂದಿಯಾದವು. ಯುದ್ಧ ಮುಗಿದ ಮೇಲೆ ವರ್ಸೈ ಒಪ್ಪಂದದ 247ನೇ ಕಲಮಿನಲ್ಲಿ ಇದನ್ನೇ ಬರೆದರು: ಸುಟ್ಟಷ್ಟೇ ಬೆಲೆಯ ಪುಸ್ತಕಗಳನ್ನು ಜರ್ಮನಿ ಲೂವೆನ್‌ಗೆ ಕೊಡಬೇಕು. ಗಡಿ, ಸೈನ್ಯ, ಕೋಟಿಗಟ್ಟಲೆ ದುಡ್ಡಿನ ವಿಷಯ ಇರುವ ಒಪ್ಪಂದದೊಳಗೆ ಒಂದು ಗ್ರಂಥಾಲಯಕ್ಕೆ ಕಲಮು! ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. 1940ರಲ್ಲಿ ಅದೇ ಗ್ರಂಥಾಲಯ ಮತ್ತೆ ಸುಟ್ಟುಹೋಯಿತು ಅನ್ನುವುದನ್ನೂ ಸೇರಿಸಿ ಹೇಳಬೇಕು.

ಆಮೇಲೆ ಬಂದದ್ದು ಭಾಷೆಯ ಜಗಳ. ಊರು ಡಚ್ ಮಾತಾಡುವವರದ್ದು. ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ವಿಭಾಗವೂ ಇತ್ತು, ಮೇಲ್ವರ್ಗದ ಭಾಷೆಯಾಗಿ ಬಹಳ ಕಾಲ ಮೆರೆದದ್ದು ಫ್ರೆಂಚೇ. 1960ರ ದಶಕದಲ್ಲಿ ಬೆಲ್ಜಿಯಂ ತನ್ನ ಭಾಷಾ ಗಡಿಯನ್ನು ಕಾನೂನಿನಲ್ಲಿ ಗೆರೆ ಹಾಕಿ ನಿಲ್ಲಿಸಿತು. ಡಚ್ ಭಾಷೆಯ ವಿದ್ಯಾರ್ಥಿಗಳು ಬೀದಿಗಿಳಿದರು. 1968ರ ಫೆಬ್ರವರಿಯಲ್ಲಿ ಈ ವಿಷಯಕ್ಕೇ ದೇಶದ ಸರ್ಕಾರ ಬಿತ್ತು. ವಿಶ್ವವಿದ್ಯಾಲಯ ಎರಡಾಯಿತು. ಫ್ರೆಂಚ್ ಭಾಗದವರು ಭಾಷಾ ಗಡಿಯಾಚೆ ಹೋಗಿ ಲೂವೇನ್-ಲ-ನೂವ್ ಅನ್ನುವ ಹೊಸ ಊರನ್ನೇ ಕಟ್ಟಿದರು. ಗ್ರಂಥಾಲಯದ ಪುಸ್ತಕಗಳನ್ನು ಸಮಸಂಖ್ಯೆ, ಬೆಸಸಂಖ್ಯೆ ನೋಡಿ ಹಂಚಿಕೊಂಡರು. ಒಂದೇ ಸರಣಿಯ ಸಂಪುಟಗಳು ಎರಡು ಊರಿಗೆ ಹೋದವು.

ಅದೇ ವರ್ಷಗಳಲ್ಲಿ ನಾವು ಏನು ಮಾಡುತ್ತಿದ್ದೆವು? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂತ ವರದಿ ಕೊಟ್ಟದ್ದು 1967ರಲ್ಲಿ. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದರು, ಕೊನೆಯವರೆಗೂ ಆ ವರದಿಯ ಮಾತಾಡುತ್ತಲೇ ಇದ್ದರು. ಲೂವೆನ್ ವಿಷಯಕ್ಕೆ ಬೆಲ್ಜಿಯಂನ ಸರ್ಕಾರ ಬಿದ್ದದ್ದು ಆ ವರದಿ ಬಂದ ಮರುವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಕನ್ನಡದ ಒಂದು ಪ್ರಬಂಧ ನನ್ನ ಕಣ್ಣಿಗಂತೂ ಬಿದ್ದಿಲ್ಲ. ನಿಮ್ಮಲ್ಲಿ ಯಾರಾದರೂ ಬರೆಯಬೇಕು. ಭಾಷಾ ಅಲ್ಪಸಂಖ್ಯಾತರ ಶಾಲೆ, ಆಫೀಸಿನ ಅರ್ಜಿ ಯಾವ ಭಾಷೆಯಲ್ಲಿರಬೇಕು, ಪಿಎಸ್‌ಸಿ ಪರೀಕ್ಷೆ, ಇದೆಲ್ಲ ನಮಗೆ ದಿನದ ಮಾತು. ಅಲ್ಲಿಯ ತರಗತಿಯಲ್ಲಿ ಇದು ಓದಿನ ವಿಷಯ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕದ ಗಡಿಯ ತಲಪಾಡಿಯ ರಸ್ತೆ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ಈಚೆಗೇ ಉಳಿದರು, ಕೆಲವರು ಉಳಿಯಲೇ ಇಲ್ಲ. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡಲು ಒಂದು ಕ್ರಮ ಆಯಿತು. ಗಡಿ ಅಂದರೆ ಏನು ಅಂತ ನಿಮಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಅದನ್ನು ಬೇರೆಯವರಿಗೆ ತಿಳಿಯುವ ಹಾಗೆ ಬರೆಯುವ ವಿದ್ಯೆ ಮಾತ್ರ ಕಲಿಯಬೇಕು.

ಭಾಷೆಯ ಅಂಜಿಕೆ ನಿಮ್ಮಲ್ಲಿ ಜಾಸ್ತಿ ಇದೆ, ನನಗೆ ಗೊತ್ತು. "ನಾವು ಕನ್ನಡ ಮೀಡಿಯಂ" ಅಂತ ಹೇಳುವಾಗಲೇ ಧ್ವನಿ ಇಳಿಯುತ್ತದೆ. ಇಂಗ್ಲಿಷ್ ಕಷ್ಟಪಟ್ಟು ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ವಾರಕ್ಕೆ ನೂರಾರು ಪುಟ ಓದಲು ಕೊಡುತ್ತಾರೆ. ಆದರೆ ಜಾರ್ಜ್‌ಟೌನಿನ ವಿದೇಶಾಂಗ ಸೇವೆಯ ಸ್ನಾತಕೋತ್ತರ ಪದವಿಗೆ ಇನ್ನೊಂದು ಭಾಷೆಯೂ ಚೆನ್ನಾಗಿ ಬರಬೇಕು ಅನ್ನುವ ನಿಯಮ ಇದೆ. ಅಲ್ಲಿಯ ಮಕ್ಕಳು ಎರಡನೇ ಭಾಷೆಗಾಗಿ ಒದ್ದಾಡುತ್ತಾರೆ. ನೀವು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ಬ್ಯಾರಿ ಮಾತಾಡಿ ಸಂಜೆ ಮನೆಗೆ ಬರುತ್ತೀರಿ. ಎದುರಿನವರ ಮುಖ ನೋಡಿ ಭಾಷೆ ಬದಲಿಸುವ ಆ ಗುಣ ಸುಮ್ನೆ ಬರುವುದಿಲ್ಲ. ಸಂಧಾನದ ಮೇಜಿನಲ್ಲಿ ಅದಕ್ಕೆ ದೊಡ್ಡ ಬೆಲೆ ಇದೆ.

ಅರ್ಜಿಯ ಜೊತೆ ಒಂದು ಉದ್ದೇಶ ಪತ್ರ ಬರೆಯಬೇಕು, ಎಸ್‌ಒಪಿ ಅಂತಾರೆ. ಎಣ್ಮಕಜೆ ಕಡೆಯ ಒಬ್ಬ ಹುಡುಗಿ ಬರೆದು ತಂದು ತೋರಿಸಿದಳು. "ಚಿಕ್ಕಂದಿನಿಂದಲೂ ನನಗೆ ಜಗತ್ತಿನ ಸೇವೆ ಮಾಡುವ ಕನಸು" ಅಂತ ಶುರು. ಎರಡು ಪುಟ ಹಾಗೇ ಇತ್ತು. ಅದನ್ನು ಪಕ್ಕಕ್ಕಿಟ್ಟು ಕೇಳಿದೆ, "ನಿಮ್ಮ ಮನೆಗೆ ಕುಡಿಯುವ ನೀರು ಎಲ್ಲಿಂದ ಬರ್ತದೆ?"

"ಸುರಂಗದಿಂದ ಟೀಚರ್."

"ಸುರಂಗದ ಮೇಲೆ ಏನಿದೆ?"

"ಗೇರು ಗುಡ್ಡೆ."

ಆಮೇಲೆ ಅವಳೇ ಹೇಳುತ್ತಾ ಹೋದಳು. ಗುಡ್ಡೆಗೆ ಅಡ್ಡವಾಗಿ ಕೊರೆದ ಸುರಂಗ, ಅದರಿಂದ ಅಡಿಕೆ ದಂಬೆಯಲ್ಲಿ ಹರಿದು ಬರುವ ನೀರು, ಮದ್ದು ಬಿಡುವ ದಿನ ನೀರಿನ ತೊಟ್ಟಿಗೆ ಸೋಗೆ ಮುಚ್ಚಿದ್ದನ್ನು ಅಜ್ಜಿ ಹೇಳುತ್ತಿದ್ದದ್ದು. ಸೋಗೆಯಿಂದ ವಿಷ ತಡೆಯುವುದು ಹೇಗೆ? ಇದನ್ನೇ ಬರೆ ಅಂದೆ. ಹೊಸ ಕರಡಿನಲ್ಲಿ ಅವಳು ಒಂದು ಪ್ರಶ್ನೆ ಎತ್ತಿದ್ದಳು. ಒಪ್ಪಂದ ಮುಂದಿನ ಬಳಕೆಯನ್ನು ನಿಲ್ಲಿಸುತ್ತದೆ, ಸರಿ. ಆಗಲೇ ಕೆಟ್ಟುಹೋದ ಬದುಕಿಗೆ ಯಾವ ದೇಶ, ಯಾವ ಕಂಪೆನಿ, ಯಾವ ಕಾನೂನಿನಲ್ಲಿ ಹೊಣೆ? ಇಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಒಬ್ಬೊಬ್ಬ ಸಂತ್ರಸ್ತರಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಹೇಳಬೇಕಾಯಿತು. ಒಪ್ಪಂದದೊಳಗೇ ಅದಕ್ಕೊಂದು ದಾರಿ ಇರಬೇಡವೇ? ಇದು ಜಗತ್ತಿನ ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಕೂತು ಓದುವ ಪ್ರಶ್ನೆ. ಅವಳಿಗೆ ಸೀಟೂ ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು.

ಪ್ರಶ್ನೆಗಳಿಗೆ ಬರೋಣ.

ಖರ್ಚು ಎಷ್ಟು ಅಂತ ಒಬ್ಬ ತಂದೆ ಕೇಳಿದರು. ಅಮೆರಿಕದಲ್ಲಿ ಬಹಳ. ಜಾರ್ಜ್‌ಟೌನಿನಂಥ ಕಡೆ ಬರೀ ಶುಲ್ಕವೇ ವರ್ಷಕ್ಕೆ 50,000 ಡಾಲರಿಗೂ ಜಾಸ್ತಿ. ಊಟ, ಬಾಡಿಗೆ ಬೇರೆ. ನೋತರ್ ದಾಮ್‌ನ ಕಿಯೊ ಶಾಲೆ ವಿದ್ಯಾರ್ಥಿವೇತನ ಧಾರಾಳವಾಗಿ ಕೊಡುತ್ತದೆ, ಅಲ್ಲಿ ಸೀಟು ಸಿಗುವುದು ಕಷ್ಟ. ಬೆಲ್ಜಿಯಂನಲ್ಲಿ ಶುಲ್ಕ ಇದಕ್ಕಿಂತ ಎಷ್ಟೋ ಕಡಿಮೆ. ಜಪಾನಿಗೆ ಹೋಗುವವರು ಅಲ್ಲಿಯ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಬೇಕು. ನನ್ನ ಮಾತು ನೇರವಾಗಿ ಹೇಳುತ್ತೇನೆ: ಈ ವಿಷಯಕ್ಕಾಗಿ ಮನೆ, ತೋಟ ಅಡವಿಟ್ಟು ಸಾಲ ಮಾಡಬೇಡಿ. ಇಂಜಿನಿಯರಿಂಗ್ ಓದಿದವರಿಗೆ ಸಿಗುವ ಹಾಗೆ ಮೊದಲ ವರ್ಷವೇ ದೊಡ್ಡ ಸಂಬಳ ಇಲ್ಲಿ ಸಿಗುವುದಿಲ್ಲ. ವಿದ್ಯಾರ್ಥಿವೇತನ ಸಿಕ್ಕಿದರೆ ಹೋಗಿ. ಸಿಗದಿದ್ದರೆ ಒಂದೆರಡು ವರ್ಷ ಕೆಲಸ ಮಾಡಿ ಮತ್ತೆ ಅರ್ಜಿ ಹಾಕಿ. ಕೆಲಸದ ಅನುಭವ ಇದ್ದವರನ್ನು ಈ ಕೋರ್ಸುಗಳು ಇಷ್ಟಪಡುತ್ತವೆ.

ಮೂರು ವರ್ಷದ ಡಿಗ್ರಿ ಸಾಕಾ ಅನ್ನುವುದು ಇನ್ನೊಂದು ಪ್ರಶ್ನೆ. ಕೆಲವು ಕಡೆ ಸಾಕು, ಕೆಲವು ಕಡೆ ನಾಲ್ಕು ವರ್ಷ ಕೇಳುತ್ತಾರೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ಅದರಲ್ಲಿ ನಾಲ್ಕೂ ವರ್ಷ ಓದಿದವರಿಗೆ ಆ ತೊಂದರೆ ಇಲ್ಲ. ಉಳಿದವರು ಪ್ರತಿ ವಿಶ್ವವಿದ್ಯಾಲಯಕ್ಕೂ ಇಮೇಲ್ ಮಾಡಿ ಕೇಳಿ.

ಹೊರಗೆ ಹೋಗದೆ ಓದಲು ಆಗುವುದಿಲ್ವಾ ಅಂತ ಕೇಳಿದ ಹುಡುಗನಿಗೆ: ಖಂಡಿತ ಆಗುತ್ತದೆ. ನಮ್ಮ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಇದೆ. ಕೋಟ್ಟಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ, ದೆಹಲಿಯ ಜೆಎನ್‌ಯು, ಮಣಿಪಾಲ ಇವೆ. ಮೊದಲು ಇಲ್ಲಿ ಓದಿ ಆಮೇಲೆ ಹೊರಗೆ ಹೋಗುವವರೂ ಇದ್ದಾರೆ. ವಿದೇಶಾಂಗ ಸೇವೆಗೆ ಸೇರಬೇಕಾದರೆ ಯುಪಿಎಸ್‌ಸಿ ಬರೆಯಬೇಕು. ಅದಕ್ಕೆ ಈ ವಿಷಯದಲ್ಲೇ ಪದವಿ ಬೇಕೆಂದಿಲ್ಲ, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಅಮೆರಿಕದ ಅರ್ಜಿಗಳಿಗೆ ಕೊನೆಯ ದಿನ ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತದೆ. ತರಗತಿ ಶುರುವಾಗುವುದು ಮುಂದಿನ ಆಗಸ್ಟಿಗೆ. ಶಿಫಾರಸು ಪತ್ರಕ್ಕೆ ಅಧ್ಯಾಪಕರ ಹತ್ತಿರ ಈಗಲೇ ಹೇಳಿಡಿ. ಕೊನೆಯ ವಾರದಲ್ಲಿ ಓಡಿಹೋಗಿ ಕೇಳಿದರೆ ಅವರೂ ನಾಲ್ಕು ಸಾಲು ಬರೆದು ಕೊಡುತ್ತಾರೆ. ಉದ್ದೇಶ ಪತ್ರದ ಕರಡು ಆದವರು ತಂದು ತೋರಿಸಿ. ಮೊದಲು ಕನ್ನಡದಲ್ಲೇ ಬರೆದು ತಂದರೂ ಆಗುತ್ತದೆ, ಇಂಗ್ಲಿಷಿಗೆ ಆಮೇಲೆ ಕೂತು ತರೋಣ. ಶನಿವಾರ ಮಧ್ಯಾಹ್ನದ ಮೇಲೆ ನಾನು ಕಾಲೇಜಿನ ಲೈಬ್ರರಿಯಲ್ಲೇ ಇರುತ್ತೇನೆ.